ಬೇರೆ ದೇಶದಲ್ಲಿ ಜನರನ್ನು ಕೊಲ್ಲುವಾಗ ಜಗತ್ತು ಮಧ್ಯೆ ಹೋಗಲೇಬೇಕಾ?

ಡೊಂಬಿವಲಿ ಅಮ್ಮ:
ನಮಸ್ಕಾರ. ಮಗಳು ಪುಣೆಯಲ್ಲಿ ಕಾನೂನು ಓದುತ್ತಾಳೆ. ನಿನ್ನೆ ಊಟಕ್ಕೆ ಕೂತಾಗ ಹೇಳಿದಳು: ನರಮೇಧ, ಯುದ್ಧಾಪರಾಧ, ಒಂದು ಜನಾಂಗವನ್ನೇ ಹೊಡೆದೋಡಿಸುವುದು, ಮಾನವತೆಯ ವಿರುದ್ಧದ ಅಪರಾಧ, ಈ ನಾಲ್ಕರಿಂದ ಜನರನ್ನು ಕಾಪಾಡುವುದು ಆಯಾ ಸರ್ಕಾರದ ಹೊಣೆ, ಅದು ಕೈಬಿಟ್ಟರೆ ಉಳಿದ ದೇಶಗಳು ಭದ್ರತಾ ಮಂಡಳಿಯ ಮೂಲಕ ಮುಂದೆ ಬರಬೇಕು ಅಂತ 2005ರಲ್ಲೇ ವಿಶ್ವಸಂಸ್ಥೆಯಲ್ಲಿ ಎಲ್ಲರೂ ಒಪ್ಪಿದ್ದಾರಂತೆ. ನನಗೆ ತುತ್ತು ಇಳಿಯಲಿಲ್ಲ. ಒಪ್ಪಿದ ಮೇಲೂ ಯಾಕೆ ಸುಮ್ನೆ ನೋಡ್ತಾ ಕೂರುತ್ತಾರೆ?

ಮಾಟುಂಗದವ:
ಅಕ್ಕ, ಮೊದಲೇ ಗೊತ್ತಿರಲಿಲ್ಲ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಆಫ್ರಿಕಾದ ರುವಾಂಡಾದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕ ರೋಮಿಯೋ ಡಲೇರ್ 1994ರ ಜನವರಿಯಲ್ಲೇ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಗೆ ಬರೆದಿದ್ದರು, ಆಯುಧ ಬಚ್ಚಿಟ್ಟಿದ್ದಾರೆ, ಹೋಗಿ ಹಿಡಿಯುತ್ತೇವೆ ಅಂತ. ಬೇಡ ಅಂದರು. ಏಪ್ರಿಲ್‌ನಲ್ಲಿ ಕೊಲೆ ಶುರುವಾಯಿತು, ರೇಡಿಯೋದಲ್ಲಿ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರನ್ನು ಜಿರಳೆ ಅಂತ ಕರೆಯುತ್ತಿದ್ದರು. ಎರಡು ವಾರಕ್ಕೆ ಭದ್ರತಾ ಮಂಡಳಿ ಆ ಪಡೆಯನ್ನು ಸುಮಾರು 270 ಜನಕ್ಕೆ ಇಳಿಸಲು ತೀರ್ಮಾನಿಸಿತು. ನೂರು ದಿನದಲ್ಲಿ ಸುಮಾರು 8 ಲಕ್ಷ ಜನ ಸತ್ತರು. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತೆ.

ವಾಸ್ಕೋ ಕನ್ನಡಿಗ:
ನಿಜ. ಆದರೆ ಸೈನ್ಯ ನುಗ್ಗಿದರೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. 2011ರಲ್ಲಿ ಲಿಬಿಯಾದ ನಾಗರಿಕರನ್ನು ಕಾಪಾಡಲು ಮಂಡಳಿ ಒಪ್ಪಿಗೆ ಕೊಟ್ಟಿತು. 10 ದೇಶ ಪರ, ಭಾರತವೂ ಸೇರಿ 5 ದೇಶ ತಟಸ್ಥ. ಅಮೆರಿಕ, ಯುರೋಪ್ ದೇಶಗಳ ಸೈನಿಕ ಕೂಟ ನೇಟೋ ಬಾಂಬು ಹಾಕಿತು, ಗಡಾಫಿ ಸರ್ಕಾರ ಬಿತ್ತು, ಆಮೇಲೆ ದೇಶವೇ ಹರಿದುಹೋಯಿತು. ಆ ಕಹಿ ಇಟ್ಟುಕೊಂಡೇ ಸಿರಿಯಾ ವಿಷಯದಲ್ಲಿ ರಷ್ಯಾ, ಚೀನಾ ವೀಟೋ ಹಾಕಿದವು, ಅಂದರೆ ತಮ್ಮ ವಿಶೇಷ ಅಧಿಕಾರದಿಂದ ಮಂಡಳಿಯ ತೀರ್ಮಾನವನ್ನೇ ತಡೆದವು. ಕೊನೆಗೆ ಪೆಟ್ಟು ತಿಂದವರು ಸಿರಿಯಾದ ಜನ. ನನ್ನ ಪ್ರಕಾರ ಬಂದೂಕಿಗಿಂತ ಮೊದಲಿನ ಕೆಲಸವೇ ಜಾಸ್ತಿ ಮುಖ್ಯ. 2019ರಲ್ಲಿ ಆಫ್ರಿಕಾದ ಪುಟ್ಟ ಗ್ಯಾಂಬಿಯಾ, ಮ್ಯಾನ್ಮಾರ್‌ನ ರೊಹಿಂಗ್ಯಾ ಮುಸ್ಲಿಮರಿಗಾಗಿ ಆ ದೇಶದ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತಲ್ಲ, ಅದಕ್ಕೆ ಯಾರ ವೀಟೋನೂ ಅಡ್ಡ ಬರಲಿಲ್ಲ.

ಮಾಟುಂಗದವ:
1971 ಮರೆಯಬೇಡಿ. ಪಾಕಿಸ್ತಾನಿ ಸೈನ್ಯದ ಹಿಂಸೆಗೆ ಹೆದರಿ ಸುಮಾರು ಒಂದು ಕೋಟಿ ಜನ ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಇಲ್ಲಿಗೆ ಓಡಿ ಬಂದಿದ್ದರು. ಡಿಸೆಂಬರ್‌ನಲ್ಲಿ ನಮ್ಮ ಸೈನ್ಯ ಅಲ್ಲಿ ಯುದ್ಧಕ್ಕಿಳಿಯಿತು. ಆದರೂ ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 104 ದೇಶ, ಯುದ್ಧ ನಿಲ್ಲಿಸಿ ಸೈನ್ಯ ವಾಪಸ್ ಕರೆಸಿ ಅಂತ ಮತ ಹಾಕಿದವು. ನಾವು ಅವತ್ತು ನಿಲ್ಲಿಸಿದ್ದರೆ ಆ ಜನರ ಗತಿ ಏನಾಗುತ್ತಿತ್ತು ಹೇಳಿ?

ಡೊಂಬಿವಲಿ ಅಮ್ಮ:
ನಿಮ್ಮ ಮಾತು ಓದಿ ಅತ್ತೆಯನ್ನು ಕೇಳಿದೆ. ಆಗ ಚಾಳಿನಲ್ಲಿದ್ದರು, ವಿಮಾನ ದಾಳಿಯ ಭಯಕ್ಕೆ ಬೆಳಕು ಹೊರಗೆ ಕಾಣದಂತೆ ಮೈದಾ ಅಂಟು ಕಾಯಿಸಿ ಕಿಟಕಿಗೆಲ್ಲ ಕಪ್ಪು ಕಾಗದ ಹಚ್ಚಿದ್ದರಂತೆ. ಊರಿಗೆ ಪತ್ರ ಹಾಕುವಾಗ ನಿರಾಶ್ರಿತರಿಗಾಗಿ 5 ಪೈಸೆಯ ಸ್ಟಾಂಪು ಬೇರೆ ಹಚ್ಚಬೇಕಿತ್ತು. ಅಂಥದ್ದೊಂದು ಕವರು ಅವರ ಟ್ರಂಕಿನಲ್ಲಿದೆ, ಮಗಳು ಈಗ ಅದನ್ನೇ ಕೈಯಲ್ಲಿ ಹಿಡಿದು ಕೂತಿದ್ದಾಳೆ.