ಪ್ರಶ್ನೋತ್ತರ: ವರದಿಯಲ್ಲಿ ‘ಅಡಚಣೆ ಇಲ್ಲ’, ಅಮ್ಮನಿಗೆ ಮಾತ್ರ ಏದುಸಿರು

ಪ್ರಶ್ನೆ: ನಮಸ್ಕಾರ ಡಾಕ್ಟರ್. ಅಮ್ಮನಿಗೆ 58 ವರ್ಷ. ಮದುವೆಯಾದಂದಿನಿಂದ ಸೌದೆ ಒಲೆಯಲ್ಲೇ ಅಡುಗೆ. ಈಗ ಮಹಡಿ ಹತ್ತಿದರೆ ದಮ್ಮು ಕಟ್ಟುತ್ತದೆ. ಸ್ಪೈರೊಮೆಟ್ರಿ (ಊದಿಸಿ ಶ್ವಾಸಕೋಶದ ಗಾಳಿ ಅಳೆಯುವ ಪರೀಕ್ಷೆ) ಮಾಡಿಸಿದೆವು: ಎಫ್‌ಇವಿ-1 1.30 ಲೀಟರ್, ಎಫ್‌ವಿಸಿ 1.80 ಲೀಟರ್, ಅನುಪಾತ 0.72. ‘ಅಡಚಣೆ ಇಲ್ಲ’ ಎಂದು ಯಂತ್ರ ಅಚ್ಚು ಹಾಕಿ ಕೊಟ್ಟಿದೆ. ಕೆಳಗೆ ‘ಎಸ್‌ವಿಸಿ 2.15’ ಎಂದೂ ಇದೆ. ಅದೇನು? ಅಮ್ಮ ಮಾತ್ರ ‘ಒಳಗೆ ಗಾಳಿ ಇದೆ, ಹೊರಗೆ ಬರುತ್ತಿಲ್ಲ’ ಎನ್ನುತ್ತಾರೆ.

ಉತ್ತರ: ನಿಮ್ಮ ತಾಯಿಯ ಮಾತನ್ನು ಯಂತ್ರದ ಮಾತಿಗಿಂತ ಹೆಚ್ಚು ನಂಬುತ್ತೇನೆ. ಎಫ್‌ವಿಸಿ ಎಂದರೆ ಜೋರಾಗಿ ಊದಿದಾಗ ಹೊರಬಂದ ಒಟ್ಟು ಗಾಳಿ. ಎಫ್‌ಇವಿ-1, ಅದರಲ್ಲಿ ಮೊದಲ ಸೆಕೆಂಡಿನಲ್ಲೇ ಬಂದದ್ದು. ಇದನ್ನು ಎಫ್‌ವಿಸಿಯಿಂದ ಭಾಗಿಸಿದರೆ ಅನುಪಾತ. ಎಸ್‌ವಿಸಿ, ನಿಧಾನವಾಗಿ ಬಿಟ್ಟಾಗ ಬಂದದ್ದು. ಆರೋಗ್ಯವಂತರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಇಲ್ಲಿ 350 ಮಿಲಿಲೀಟರ್ ಅಂತರವಿದೆ. ರಭಸದಿಂದ ಊದುವಾಗ ಎದೆಯೊಳಗಿನ ಒತ್ತಡ ಏರುತ್ತದೆ. ಶ್ವಾಸಕೋಶದಲ್ಲಿ ಕಾಯಿಲೆ ತಗುಲಿದ ಕಿರುನಾಳಗಳು ಬೇಗನೆ ಮುಚ್ಚಿಕೊಂಡು, ಗಾಳಿ ಅವುಗಳ ಹಿಂದೆಯೇ ಸಿಕ್ಕಿಬೀಳುತ್ತದೆ. ಎಫ್‌ವಿಸಿಯೇ ಕುಗ್ಗಿದರೆ ಅನುಪಾತ ಚೆನ್ನಾಗಿರುವಂತೆ ಕಾಣದೆ ಇನ್ನೇನು? 1.30 ಅನ್ನು 2.15ರಿಂದ ಭಾಗಿಸಿ ನೋಡಿ: 0.60. ಇದು ಅಡಚಣೆಯತ್ತ ಬೆರಳು ತೋರುವ ಅಂಕಿ.

ಆದರೆ ಊದುವುದನ್ನು ಮಧ್ಯದಲ್ಲೇ ನಿಲ್ಲಿಸಿದರೂ ಎಫ್‌ವಿಸಿ ಕಡಿಮೆ ಬರುತ್ತದೆ. ವರದಿಯ ರೇಖೆ ಕೊನೆಗೆ ಸಮತಟ್ಟಾಗಿದೆಯೇ ಎಂದು ನಿಮ್ಮ ವೈದ್ಯರಿಂದ ನೋಡಿಸಿ. ಸಾಲ್ಬುಟಮಾಲ್ (ಶ್ವಾಸನಾಳ ಹಿಗ್ಗಿಸುವ ಔಷಧ) ಕೊಟ್ಟು 15 ನಿಮಿಷದ ಬಳಿಕ ಮತ್ತೆ ಊದಿಸದೆ ಸಿಒಪಿಡಿ (ಶ್ವಾಸನಾಳಗಳಲ್ಲಿ ಗಾಳಿಗೆ ಅಡಚಣೆಯಾಗುವ ದೀರ್ಘಕಾಲದ ಕಾಯಿಲೆ) ಹೌದು, ಅಲ್ಲ ಎನ್ನಲಾಗದು. ಪೂರ್ತಿ ಉಸಿರು ಬಿಟ್ಟ ಮೇಲೂ ಒಳಗುಳಿಯುವ ಗಾಳಿಯನ್ನು ಸ್ಪೈರೊಮೀಟರ್ ಅಳೆಯಲಾರದು. ಅದಕ್ಕೆ ಗಾಜಿನ ಕೋಣೆಯಂಥ ಪೆಟ್ಟಿಗೆಯಲ್ಲಿ ಕೂರಿಸಿ ಮಾಡುವ ಬಾಡಿ ಪ್ಲೆಥಿಸ್ಮೊಗ್ರಫಿಯಂಥ ಪರೀಕ್ಷೆ ಬೇಕು.

ಇನ್ನೊಬ್ಬ ಸದಸ್ಯರು: ಸರ್, ನಾನು ಫಿಸಿಯೊಥೆರಪಿ ವಿದ್ಯಾರ್ಥಿನಿ. ನಾಳ ಮುಚ್ಚುವ ಹಂತವನ್ನೇ ಅಳೆಯುವ ನೈಟ್ರೋಜನ್ ಪರೀಕ್ಷೆಯ ಬಗ್ಗೆ ಓದಿದ್ದೇವೆ. ಅದನ್ನೇ ಏಕೆ ಮಾಡುವುದಿಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಉಸಿರನ್ನು ಪೂರ್ತಿ ಬಿಟ್ಟು, ಶುದ್ಧ ಆಮ್ಲಜನಕವನ್ನು ಎದೆ ತುಂಬ ಎಳೆದುಕೊಂಡು, ನಿಧಾನವಾಗಿ ಬಿಡಬೇಕು. ಆಮ್ಲಜನಕದ ಹೆಚ್ಚು ಪಾಲು ಶ್ವಾಸಕೋಶದ ಬುಡಕ್ಕೆ ಹೋಗುತ್ತದೆ. ಹಾಗಾಗಿ ಅದರ ನೆತ್ತಿಯ, ಅಂದರೆ ಮೇಲ್ತುದಿಯ ಗಾಳಿಯಲ್ಲಿ ನೈಟ್ರೋಜನ್ ಜಾಸ್ತಿ. ಬಿಡುವಾಗ ಮೊದಲು ಮುಚ್ಚುವುದು ಬುಡದ ನಾಳಗಳು. ಆಮೇಲೆ ಬರುವುದು ಬಹುಪಾಲು ನೆತ್ತಿಯ ಗಾಳಿಯಾದ್ದರಿಂದ ನೈಟ್ರೋಜನ್ ರೇಖೆ ತಟ್ಟನೆ ಮೇಲೇಳುತ್ತದೆ. ಅಲ್ಲಿಂದ ಕೊನೆಯವರೆಗಿನ ಗಾಳಿಯೇ ಕ್ಲೋಸಿಂಗ್ ವಾಲ್ಯೂಮ್. ಯುವಕರಲ್ಲಿ ಇದು ಎಸ್‌ವಿಸಿಯ ಸುಮಾರು 10 ಶೇಕಡಾ. 65ರ ಹೊತ್ತಿಗೆ ಸುಮಾರು 40. ಅಂದರೆ ವಯಸ್ಸಾದವರಲ್ಲಿ ನಾಳ ಮುಚ್ಚುವುದೆಲ್ಲ ರೋಗವಲ್ಲ. ತಮಾಷೆ ಏನೆಂದರೆ, ಕಾಯಿಲೆ ಬಲಿತವರಲ್ಲಿ ಈ ರೇಖೆ ಮೊದಲಿನಿಂದಲೇ ಏರುತ್ತಾ ಹೋಗುತ್ತದೆ. ನಾಳ ಮುಚ್ಚಿದ ಬಿಂದು ಯಾವುದೆಂದು ಹುಡುಕಲಾಗುವುದಿಲ್ಲ. ಯಾರಿಗೆ ಬೇಕೋ ಅವರಲ್ಲೇ ಕೈಕೊಡುವ ಪರೀಕ್ಷೆ!

ಪ್ರಶ್ನೆ ಕೇಳಿದವರು: ಧನ್ಯವಾದ. ‘ಬಿಡಿ, ಬಿಡಿ, ಇನ್ನೂ ಬಿಡಿ’ ಎಂದು ಕೂಗಿಸಿಕೊಂಡು ಅಮ್ಮನಿಗೆ ತಲೆ ಸುತ್ತಿತ್ತು. ಮತ್ತೆ ಊದಲು ಒಲ್ಲೆ ಎನ್ನುತ್ತಿದ್ದಾರೆ.

ಉತ್ತರ: ಜೋರಾಗಿ ಊದದೆಯೇ ಮಾಡುವ ಆಸಿಲೊಮೆಟ್ರಿ ಎಂಬ ಪರೀಕ್ಷೆಯ ಸೌಲಭ್ಯ ಎಲ್ಲಿದೆಯೆಂದು ವಿಚಾರಿಸಿ. ಮೂಗಿಗೆ ಕ್ಲಿಪ್ ಹಾಕಿ, ಕೆನ್ನೆಯನ್ನು ಕೈಯಿಂದ ಒತ್ತಿ ಹಿಡಿದು ಸುಮ್ಮನೆ ಉಸಿರಾಡಿದರೆ ಸಾಕು. ಇದು ಸ್ಪೈರೊಮೆಟ್ರಿಗೆ ಬದಲಿಯಲ್ಲ, ಆದರೆ ಕಿರುನಾಳಗಳ ಸುಳಿವು ಕೊಡುತ್ತದೆ. ಈಗ ಇನ್ಹೇಲರ್ ಬಳಸುತ್ತಿದ್ದರೆ, ಪರೀಕ್ಷೆಗೆ ಎಷ್ಟು ಗಂಟೆ ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ.