ಅಪ್ಪನಿಗೆ ಯಾವ ಫೋನ್ ಕೊಡಿಸಲಿ? ಅನುಭವ ಇದ್ದವರು ಹೇಳಿ

ತಿಕೋಟಾ ದ್ರಾಕ್ಷಿ:
ಅಪ್ಪನಿಗೆ 68. ಕೀಪ್ಯಾಡ್ ಫೋನ್ ಕೆಟ್ಟಿತು. ಒಣದ್ರಾಕ್ಷಿ ದರ ಎಲ್ಲರಿಗೂ ವಾಟ್ಸಾಪ್‌ನಲ್ಲೇ ಬರುತ್ತದೆ, ನನಗೂ ಸ್ಮಾರ್ಟ್‌ಫೋನ್ ಬೇಕು ಅಂತ ಹಟ. ಕಂಡ ಲಿಂಕನ್ನೆಲ್ಲ ಒತ್ತುವ ಸ್ವಭಾವ. ಏನು ಮಾಡಲಿ?

ಇಳಕಲ್ ಸೀರೆ ಅಂಗಡಿ:
ಅಪ್ಪನ ಮಾತು ಬಿಡಿ ಸರ, 41 ವರ್ಷದ ನಾನೇ ಒತ್ತಿದ್ದೇನೆ. ಪರಿಚಯದವರ ನಂಬರಿನಿಂದ ಲಗ್ನಪತ್ರಿಕೆ ಬಂತು. ಫೈಲ್ ಹೆಸರಿನ ಕೊನೆಗೆ ಎಪಿಕೆ ಅಂತಿತ್ತು, ಅಂದ್ರೆ ಅದು ಪತ್ರಿಕೆ ಅಲ್ಲ, ಆ್ಯಪ್. ನಾನು ನೋಡಲಿಲ್ಲ. ಎಸ್‌ಎಂಎಸ್ ಓದಲಾ ಅಂತ ಕೇಳಿತು. ಗಿರಾಕಿಗೆ ಸೆರಗು ಹರಡಿ ತೋರಿಸುತ್ತಿದ್ದೆ, ಸುಮ್ನೆ ಹೂಂ ಒತ್ತಿದೆ. ರಾತ್ರಿ 9,900 ಹೋಯಿತು. ಮತ್ತೆ 9,900. ಆಮೇಲೆ 18,500. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಬೆಳಿಗ್ಗೆ, ಅಷ್ಟರಲ್ಲಿ ತಡೆಯೋಕೆ ಸಿಕ್ಕಿದ್ದು ಕೊನೇದು ಮಾತ್ರ. ಅದನ್ನು ವಾಪಸ್ ಪಡೆಯಲು ಬ್ಯಾಂಕಿಗೆ ಏಳು ಸಲ ಅಲೆದೆ. ನನ್ನ ನಂಬರಿನಿಂದ ಅದೇ ಪತ್ರಿಕೆ ಬೀಗರಿಗೂ ಹೋಗಿದೆ. ಯಾರ ಮದುವೆ ಅಂತ ಇವತ್ತಿಗೂ ಕೇಳುತ್ತಾರೆ.

ಖಾನಾಪುರ ಟೀಚರ್:
ಅದಕ್ಕೇ ನಮ್ಮ ಮಾವನವರಿಗೆ ಕೀಪ್ಯಾಡೇ. 1,450 ರೂಪಾಯಿ. ವಾರಕ್ಕೊಮ್ಮೆ ಚಾರ್ಜ್. 2022ರಿಂದ 123ಪೇ ಇದೆ, ಸಾದಾ ಫೋನಿನಿಂದಲೂ ಯುಪಿಐ ಆಗುತ್ತದೆ. ನಾಲ್ಕು ವರ್ಷದಲ್ಲಿ ಒಂದು ರೂಪಾಯಿ ಹೋಗಿಲ್ಲ.

ಇಳಕಲ್ ಸೀರೆ ಅಂಗಡಿ:
ಅಕ್ಕಾರ, ಒಟಿಪಿ ಕೀಪ್ಯಾಡಿಗೂ ಬರುತ್ತದೆ. ಯಾರೋ ಕೇಳಿದ ಕೂಡಲೇ ಹೇಳಿಬಿಟ್ಟರೆ?

ಖಾನಾಪುರ ಟೀಚರ್:
ಒತ್ತಿದವರು ನೀವು, ಪಾಠ ನನಗಾ?

ಬನಹಟ್ಟಿ ಮಗ್ಗ:
ನಿಮ್ಮ ಜಗಳ ಆಮೇಲೆ. ನಮ್ಮವ್ವನದು ಬೇರೆ ಗೋಳು. ನೂಲು ಹಿಡಿದು ಹಿಡಿದು ಬೆರಳಿನ ಗೆರೆ ಸವೆದಿವೆ, ಫಿಂಗರ್‌ಪ್ರಿಂಟ್ ಹಿಡಿಯೋದೇ ಇಲ್ಲ. ಸೆರಗಿಗೆ ಒರೆಸುತ್ತಾಳೆ, ಉಗುಳು ಹಚ್ಚುತ್ತಾಳೆ, ಐದು ಸಲ ಒತ್ತುತ್ತಾಳೆ. ಕೊನೆಗೆ ಪಿನ್. ಆ ಪಿನ್ನೋ, ಫೋನ್ ಕವರಿನೊಳಗೆ ಚೀಟಿಯಲ್ಲಿ! ಈಗ ಅಕ್ಷರ ದೊಡ್ಡದು ಮಾಡಿದ್ದೇನೆ. ಪರದೆ ಮೇಲೆ ನಾಲ್ಕೇ ಆ್ಯಪ್. ವಾಟ್ಸಾಪ್‌ನಿಂದ ಬಂದ ಆ್ಯಪ್ ಇನ್‌ಸ್ಟಾಲ್ ಆಗದ ಹಾಗೆ ಬಂದ್ ಮಾಡಿದೆ. ಯುಪಿಐಗೆ ಬೇರೆ ಖಾತೆ, ಅದರಲ್ಲಿ 2,000ಕ್ಕಿಂತ ಜಾಸ್ತಿ ಇಡೋದಿಲ್ಲ. ಟೈಪ್ ಮಾಡೋದು ಮಾತ್ರ ಇನ್ನೂ ಆಗಿಲ್ಲ.

ಬೆಳಗಾವಿ ಕಿಲ್ಲಾ:
ಮಾತಾಡಿ ಟೈಪ್ ಮಾಡಲು ಹೇಳಿ. ಕನ್ನಡ ಸ್ಪಷ್ಟವಾಗಿ ಆಡಿದರೆ ಸರಿಯಾಗಿ ಬರೆಯುತ್ತದೆ.

ಬನಹಟ್ಟಿ ಮಗ್ಗ:
ಸ್ಪಷ್ಟ ಅಂದ್ರೆ? "ಎಲ್ಲಿಗೆ ಹೊಂಟೀ" ಅನ್ನೋದು ಸ್ಪಷ್ಟ ಅಲ್ವಾ? ಫೋನಿಗೆ ತಿಳಿಯದಿದ್ದರೆ ಅದು ಅವ್ವನ ತಪ್ಪಾ?

ಬೆಳಗಾವಿ ಕಿಲ್ಲಾ:
ನಾನು ಹಾಗೆ ಹೇಳಲಿಲ್ಲ.

ಖಾನಾಪುರ ಟೀಚರ್:
ಹಾಗೇ ಹೇಳಿದಿರಿ. ಮೇಲೆ ಇದೆ, ಓದಿ.

ತಿಕೋಟಾ ದ್ರಾಕ್ಷಿ:
ಮಗ್ಗದವರೇ, ಆ ಬಂದ್ ಮಾಡೋದು ಎಲ್ಲಿದೆ?

ಬನಹಟ್ಟಿ ಮಗ್ಗ:
ಸೆಟ್ಟಿಂಗ್ಸ್ ತೆರೆದು "ಅನ್‌ನೋನ್ ಆ್ಯಪ್ಸ್" ಅಂತ ಹುಡುಕಿ. ವಾಟ್ಸಾಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಆಫ್ ಮಾಡಿ.

ಇಳಕಲ್ ಸೀರೆ ಅಂಗಡಿ:
ಟೀಚರ್, ಆ 1,450ರ ಫೋನ್ ಯಾವ ಅಂಗಡಿಯಲ್ಲಿ? ನನಗೇ ಬೇಕಾಗಿತ್ತು.