‘ನೈಟ್ರೇಟ್ ಇಳಿಕೆ’ ಸರಿಯೇ? ಉಪ್ಪು ಜೌಗಿನ ಸಾರಜನಕಕ್ಕೆ ಬೇಕಾದ ಪದಗಳು

ಪ್ರಶ್ನೆ: ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಉಪ್ಪು ಜೌಗುಗಳಲ್ಲಿ ಸಾರಜನಕ ಚಕ್ರ ಹೇಗೆ ನಡೆಯುತ್ತದೆ ಎಂಬ ಬಗ್ಗೆ ಪದವಿ ತರಗತಿಗೆ ಕನ್ನಡದಲ್ಲಿ ಪಾಠವೊಂದು ಸಿದ್ಧವಾಗುತ್ತಿದೆ. ಕರಡಿನಲ್ಲಿ ಡಿನೈಟ್ರಿಫಿಕೇಷನ್‌ಗೆ ‘ಸಾರಜನಕ ನಿರ್ಮೂಲನ’, ಡಿಎನ್‌ಆರ್‌ಎ (ಡಿಸಿಮಿಲೇಟರಿ ನೈಟ್ರೇಟ್ ರಿಡಕ್ಷನ್ ಟು ಅಮೋನಿಯಂ) ಎಂಬುದಕ್ಕೆ ‘ಅಮೋನಿಯಂಗೆ ನೈಟ್ರೇಟ್ ಇಳಿಕೆ’, ಸೆಡಿಮೆಂಟಿಗೆ ‘ಹೂಳು’, ಸಾಲ್ಟ್ ಮಾರ್ಶ್‌ಗೆ ‘ಗಜನಿ’ ಎಂದಿದೆ. ಇವು ನಿಲ್ಲುತ್ತವೆಯೇ? ಬಲ್ಲವರು ತಿಳಿಸಬೇಕು.

ಉತ್ತರ: ನಾಲ್ಕೂ ನಿಲ್ಲುವುದಿಲ್ಲ. ಅವುಗಳಲ್ಲಿ ‘ಇಳಿಕೆ’ಯೇ ದೊಡ್ಡ ಅಪಾಯ, ಅದನ್ನೇ ಮೊದಲು ನೋಡೋಣ.

ರಿಡಕ್ಷನ್ ಎಂಬುದಕ್ಕೆ ಇಲ್ಲಿ ಕಡಿಮೆಯಾಗುವುದು ಎಂಬ ಅರ್ಥವಿಲ್ಲ, ಎಲೆಕ್ಟ್ರಾನ್ ಪಡೆಯುವುದು ಎಂಬ ಅರ್ಥ. ಅದಕ್ಕೆ ನಮ್ಮ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ‘ಅಪಕರ್ಷಣ’ ಬಹಳ ಹಿಂದಿನಿಂದ ಇದೆ, ಜೋಡಿಗೆ ‘ಉತ್ಕರ್ಷಣ’ವೂ ಇದೆ. ‘ನೈಟ್ರೇಟ್ ಇಳಿಕೆ’ ಎಂದು ಓದಿದ ವಿದ್ಯಾರ್ಥಿ ನೀರಿನಲ್ಲಿ ನೈಟ್ರೇಟಿನ ಪ್ರಮಾಣ ತಗ್ಗಿತು ಎಂದಷ್ಟೇ ತಿಳಿಯುತ್ತಾನೆ. ಪ್ರಮಾಣ ತಗ್ಗುವುದು ನಿಜ. ಆದರೆ ಗಿಡ ಹೀರಿದರೂ ತಗ್ಗುತ್ತದೆ, ಸಮುದ್ರದ ನೀರು ಬೆರೆತರೂ ತಗ್ಗುತ್ತದೆ. ಪಾಠ ಹೇಳಬೇಕಾದದ್ದು ನೈಟ್ರೇಟ್ ಏನಾಯಿತು ಎಂಬುದನ್ನು.

ಕೆಸರಿನಲ್ಲಿ ಅದರ ಮುಂದೆ ಎರಡು ಮುಖ್ಯ ದಾರಿಗಳಿವೆ. ಒಂದರಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ, ನೈಟ್ರಿಕ್ ಆಕ್ಸೈಡ್, ನೈಟ್ರಸ್ ಆಕ್ಸೈಡ್ ದಾಟಿ, ಕೊನೆಗೆ ಸಾರಜನಕ ಅನಿಲವಾಗಿ ಗಾಳಿಗೆ ಹೋಗುತ್ತದೆ. ಇದೇ ಡಿನೈಟ್ರಿಫಿಕೇಷನ್, ಇದಕ್ಕೆ ‘ವಿನೈಟ್ರೀಕರಣ’ ಸಾಕು, ಈಗಾಗಲೇ ಬಳಕೆಯಲ್ಲೂ ಇದೆ. ಇನ್ನೊಂದರಲ್ಲಿ ನೈಟ್ರೇಟ್ ನೈಟ್ರೈಟಿನ ಮೂಲಕ ಅಮೋನಿಯಂ ಆಗಿ ಕೆಸರಿನಲ್ಲೇ ಉಳಿಯುತ್ತದೆ. ಡಿಎನ್‌ಆರ್‌ಎ ಎಂದರೆ ಇದು. ಮೊದಲನೆಯದು ಪ್ರತಿ ಸಾರಜನಕ ಪರಮಾಣುವಿಗೆ ಐದು ಎಲೆಕ್ಟ್ರಾನ್ ತೆಗೆದುಕೊಂಡರೆ ಎರಡನೆಯದು ಎಂಟು. ಹೀಗಾಗಿ ಕೊಳೆಯುವ ಬೇರು, ಎಲೆ ಯಥೇಚ್ಛವಾಗಿದ್ದು ನೈಟ್ರೇಟಿಗೆ ಬರ ಇರುವ ಕಡೆ ಎರಡನೆಯ ದಾರಿಗೆ ಅನುಕೂಲ ಹೆಚ್ಚು, ಸಿಕ್ಕ ಒಂದು ನೈಟ್ರೇಟಿನಿಂದ ಸೂಕ್ಷ್ಮಜೀವಿ ಹೆಚ್ಚು ಕೆಲಸ ಮಾಡಿಸಿಕೊಳ್ಳುತ್ತದೆ. ಉಪ್ಪು ಜೌಗಿನ ಕೆಸರಿನಲ್ಲಿ ಸಲ್ಫೈಡ್ ಕೂಡ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆಗೆ ಅದೇ ಕಾರಣ. ಅದು ನೈಟ್ರೀಕರಣವನ್ನೂ (ಆಮ್ಲಜನಕ ಬಳಸಿ ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಕ್ರಿಯೆ) ವಿನೈಟ್ರೀಕರಣದ ಕೊನೆಯ ಮೆಟ್ಟಿಲನ್ನೂ ತಡೆಯುತ್ತದೆ, ತಕ್ಕಡಿ ಮತ್ತೆ ಅಮೋನಿಯಂ ಕಡೆಗೇ ವಾಲುತ್ತದೆ.

‘ಸಾರಜನಕ ನಿರ್ಮೂಲನ’ ಎಂಬ ಪದ ಈ ಕಾರಣಕ್ಕೇ ಬೇಡ. ಅದು ಫಲವನ್ನು ಮೊದಲೇ ಹೇಳಿಬಿಡುತ್ತದೆ. ಅದೇ ಮ್ಯಾಸಚೂಸೆಟ್ಸಿನ ಪ್ಲಮ್ ಐಲೆಂಡ್ ಅಳಿವೆಯಲ್ಲಿ 2004ರಿಂದ ವರ್ಷಗಟ್ಟಲೆ ಉಬ್ಬರದ ನೀರಿಗೆ ನೈಟ್ರೇಟ್ ಬೆರೆಸಿ ಪ್ರಯೋಗ ಮಾಡಿದರು. ಅದರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ನೆಲದಡಿಯ ಬೇರು ಕಡಿಮೆಯಾಗಿ, ಕೊಳೆಯುವಿಕೆ ಹೆಚ್ಚಿ, ತೊರೆಯ ದಂಡೆಗಳು ಬಿರುಕು ಬಿಟ್ಟು ಕುಸಿದವು. ‘ಜೌಗು ಸಾರಜನಕವನ್ನು ನಿರ್ಮೂಲನ ಮಾಡುತ್ತದೆ’ ಎಂದು ಪಾಠ ಆರಂಭಿಸಿದರೆ ಈ ಭಾಗವನ್ನು ಎಲ್ಲಿ ಜೋಡಿಸುತ್ತೀರಿ?

ಹಾಗಾದರೆ ಡಿಎನ್‌ಆರ್‌ಎಗೆ ಏನೆನ್ನೋಣ? ‘ಅಮೋನೀಕರಣ’ ಎನ್ನುವಂತಿಲ್ಲ. ಸತ್ತ ಸಸ್ಯ, ಪ್ರಾಣಿಗಳ ಪ್ರೋಟೀನ್ ಒಡೆದು ಅಮೋನಿಯಂ ಬರುವುದಕ್ಕೆ ಆ ಪದ ಮೀಸಲು. ಜೌಗಿನ ಅಮೋನಿಯಂನ ಬಹುಪಾಲು ಹಾಗೆ ಬಂದದ್ದೇ. ಎರಡಕ್ಕೂ ಒಂದೇ ಹೆಸರಿಟ್ಟರೆ ಲೆಕ್ಕವೇ ಕಲಸಿಹೋಗುತ್ತದೆ. ‘ಡಿಸಿಮಿಲೇಟರಿ’ ಎಂಬುದಕ್ಕೆ ‘ಅಸ್ವಾಂಗೀಕರಣಾತ್ಮಕ’ ಎಂದು ಬರೆದವರಿದ್ದಾರೆ, ಉಸಿರು ಕಟ್ಟುತ್ತದೆ. ಆ ವಿಶೇಷಣದ ಹುರುಳು ಇಷ್ಟೇ: ಸೂಕ್ಷ್ಮಜೀವಿ ಆ ನೈಟ್ರೇಟನ್ನು ಮೈಗೂಡಿಸಿಕೊಳ್ಳಲಿಲ್ಲ, ಶಕ್ತಿ ಪಡೆಯಲು ಬಳಸಿ ಹೊರಗೆ ಬಿಟ್ಟಿತು. ‘ಉಸಿರಾಟದ’ ಎಂದರೆ ಮುಕ್ಕಾಲು ಪಾಲು ಸರಿ, ಆದರೆ ಹುದುಗುವಿಕೆಯ ಜತೆ ನಡೆಯುವ ಬಗೆಯೂ ಉಂಟು, ಅದು ಹೊರಗುಳಿಯುತ್ತದೆ. ‘ನೈಟ್ರೇಟ್–ಅಮೋನಿಯಂ ಅಪಕರ್ಷಣ’ ಎಂದು ಹೆಸರಿಟ್ಟು, ಮೊದಲ ಸಲ ಬಂದಾಗ ‘ಮೈಗೂಡಿಸಿಕೊಳ್ಳದೆ’ ಎಂದು ಒಂದು ಮಾತು ಸೇರಿಸಿದರೆ ಸಾಕು. ಆಮೇಲೆ ಡಿಎನ್‌ಆರ್‌ಎ ಎಂದೇ ಬರೆಯಿರಿ, ಅಡ್ಡಿಯಿಲ್ಲ. ಅನಾಮಾಕ್ಸ್ ಕೂಡ ಹಾಗೆಯೇ ಇರಲಿ, ಅಮೋನಿಯಂ ಮತ್ತು ನೈಟ್ರೈಟ್ ಕೂಡಿ ನೇರ ಸಾರಜನಕ ಅನಿಲವಾಗುವ ಕ್ರಿಯೆ ಎಂದು ವಿವರಿಸಿದರಾಯಿತು.

ಕರಡಿನಲ್ಲಿ ನೀವು ಕೇಳದ ಒಂದು ತೊಡಕೂ ಇದೆ: ‘ಸಾರಜನಕ’ ಎಂಬ ಪದವೇ. ನಮ್ಮಲ್ಲಿ ಧಾತುವಿಗೂ ಅದೇ, ಎರಡು ಪರಮಾಣುಗಳ ಅನಿಲಕ್ಕೂ ಅದೇ. ವಿನೈಟ್ರೀಕರಣದ ದರವನ್ನು ‘ಚದರ ಮೀಟರಿಗೆ ಗಂಟೆಗೆ 100 ಮೈಕ್ರೋಮೋಲ್ ಸಾರಜನಕ’ ಎಂದು ಬರೆದರೆ, ಅದು ಪರಮಾಣುವಿನ ಲೆಕ್ಕವೋ ಅಣುವಿನ ಲೆಕ್ಕವೋ? ವ್ಯತ್ಯಾಸ ಸರಿಯಾಗಿ ಎರಡು ಪಟ್ಟು. ದರ ಬರೆಯುವಾಗಲೆಲ್ಲ ‘ಸಾರಜನಕ ಪರಮಾಣು’ ಅಥವಾ ‘ಸಾರಜನಕ ಅನಿಲ’ ಎಂದು ಬಿಡಿಸಿ ಬರೆಯಬೇಕು. ನೈಟ್ರೇಟಿನದೂ ಇದೇ ಗೋಳು. ಭಾರತದ ಕುಡಿಯುವ ನೀರಿನ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅಮೆರಿಕದ್ದು 10. ನೋಡಿದರೆ ಅಲ್ಲಿ ಬಿಗಿ ಹೆಚ್ಚು ಅನ್ನಿಸುತ್ತದೆ. ಆದರೆ ನಮ್ಮದು ಇಡೀ ನೈಟ್ರೇಟಿನ ತೂಕ, ಅವರದು ಅದರೊಳಗಿನ ಸಾರಜನಕದ ತೂಕ ಮಾತ್ರ. ನೈಟ್ರೇಟಿನ ತೂಕ 62, ಅದರಲ್ಲಿ ಸಾರಜನಕದ್ದು 14. 62 ಭಾಗಿಸು 14, ಅಂದರೆ 4.43ರಿಂದ ಅವರ 10ನ್ನು ಗುಣಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ.

ಅಳತೆಯ ಅಧ್ಯಾಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕೆಸರನ್ನು ಆಮ್ಲಜನಕವಿಲ್ಲದ ನೀರಿನಲ್ಲಿ ಕದಡಿ, ಅದರಲ್ಲಿ ಮೊದಲೇ ಇದ್ದ ನೈಟ್ರೇಟ್ ಖಾಲಿಯಾಗುವವರೆಗೆ ಬಿಟ್ಟು, ಆಮೇಲೆ ಸಾರಜನಕ-15 (ಮಾಮೂಲಿ ಸಾರಜನಕ-14ಕ್ಕಿಂತ ಭಾರವಾದ ಐಸೊಟೋಪು) ಇರುವ ನೈಟ್ರೇಟ್ ಹಾಕುತ್ತಾರೆ. ಹೊಮ್ಮುವ ಅನಿಲದಲ್ಲಿ 30 ತೂಕದ ಅಣು (15 ಮತ್ತು 15) ಬಂದರೆ ವಿನೈಟ್ರೀಕರಣ, 29 ತೂಕದ್ದು (15 ಮತ್ತು 14) ಬಂದರೆ ಅನಾಮಾಕ್ಸ್ ಎಂದು ಓದುವುದು. ಕರಡಿನಲ್ಲಿ ಇವನ್ನು ‘ಸಾರಜನಕ-29, ಸಾರಜನಕ-30’ ಎಂದು ಬರೆದರೆ ಹೊಸ ಐಸೊಟೋಪುಗಳೇ ಹುಟ್ಟಿಬಿಡುತ್ತವೆ! ‘29 ತೂಕದ ಸಾರಜನಕ ಅಣು’ ಎನ್ನಿ. ಡಿಎನ್‌ಆರ್‌ಎ ಇಲ್ಲೂ ಕೈಯಾಡಿಸುತ್ತದೆ. ಹಾಕಿದ ನೈಟ್ರೇಟಿನ ಒಂದು ಪಾಲು ಸಾರಜನಕ-15 ಅಮೋನಿಯಂ ಆದರೆ, ಅನಾಮಾಕ್ಸ್ ಅದನ್ನೂ ಬಳಸಿ 30 ತೂಕದ ಅಣು ಮಾಡಬಲ್ಲದು, ಅದು ತಪ್ಪಾಗಿ ವಿನೈಟ್ರೀಕರಣದ ಖಾತೆಗೆ ಸೇರುತ್ತದೆ.

ಅದೇ ಅಮೋನಿಯಂ ಅಳೆಯುವಾಗ ಬರಿಯ ಕೆಸರು ನೀರು ಸೋಸಿ ನೋಡಿದರೆ ಸಾಲದು. ಧನಾಯಾನು ಆದ್ದರಿಂದ ಜೇಡಿಯ ಕಣಗಳಿಗೆ ಅಂಟಿಕೊಂಡಿರುತ್ತದೆ. 2 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಸುಮಾರು ಒಂದು ಗಂಟೆ ಕುಲುಕಿ ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಡಿಎನ್‌ಆರ್‌ಎ ದರ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಕರಡಿನ ‘ಲಭ್ಯ ಅಮೋನಿಯಂ’ ಇವೆರಡನ್ನೂ ಮುಚ್ಚಿಹಾಕುತ್ತದೆ. ಒಂದಕ್ಕೆ ‘ಕರಗಿದ ಅಮೋನಿಯಂ’, ಇನ್ನೊಂದಕ್ಕೆ ‘ವಿನಿಮಯಕ್ಕೆ ಸಿಗುವ ಅಮೋನಿಯಂ’ ಎಂದು ಬೇರೆ ಮಾಡಿ. ಹಾಗೆಯೇ, ‘ಮಾದರಿಯನ್ನು ಒಣಗಿಸಿ’ ಎಂಬ ಸಾಲು ಹೊಲದ ಮಣ್ಣಿನ ಪಾಠದಿಂದ ಬಂದಂತಿದೆ. ಜೌಗಿನ ಕೆಸರನ್ನು ಗಾಳಿಗೆ ಹರಡಿ ಒಣಗಿಸಿದರೆ ಅಮೋನಿಯಂನ ಒಂದು ಪಾಲು ಅನಿಲವಾಗಿ ಹೋಗುತ್ತದೆ, ಇನ್ನೊಂದು ಪಾಲು ನೈಟ್ರೇಟ್ ಆಗುತ್ತದೆ. ಹಸಿಯಾಗಿಯೇ ತಣ್ಣಗಿಟ್ಟು ಬೇಗ ಬಿಡಿಸಿಕೊಳ್ಳಬೇಕು, ತೇವಾಂಶವನ್ನು ಬೇರೊಂದು ತುಣುಕಿನಲ್ಲಿ ನೋಡಿ ಒಣ ತೂಕಕ್ಕೆ ಲೆಕ್ಕ ಹಾಕಬೇಕು.

ಸೆಡಿಮೆಂಟಿಗೆ ‘ಹೂಳು’ ಯಾಕೆ ಬೇಡವೆಂದರೆ, ಹೂಳು ಎತ್ತಬೇಕಾದ ವಸ್ತು. ಕೆರೆಯ ಹೂಳು, ಬಂದರಿನ ಹೂಳು. ಜೌಗಿನಲ್ಲಿ ಅದು ಬೇರುಗಳು ಹೆಣೆದ ನೆಲ. ‘ತಳದ ಕೆಸರು’ ಅಥವಾ ಬರಿಯ ‘ಕೆಸರು’ ಚೆನ್ನಾಗಿದೆ. ಅದರ ಮೇಲ್ಮೈಯ ಕೆಲವೇ ಮಿಲಿಮೀಟರ್ ದಪ್ಪದಲ್ಲಿ ಆಮ್ಲಜನಕ ಇರುತ್ತದೆ, ಕೆಳಗೆ ಹೋದರೆ ಬೇರಿನ ಸುತ್ತ, ಏಡಿಯ ಬಿಲದ ಗೋಡೆಯಲ್ಲಿ ಮಾತ್ರ. ನೈಟ್ರೀಕರಣ ನಡೆಯುವುದೂ ಆ ತೆಳು ಪದರದಲ್ಲೇ. ಅಲ್ಲಿ ಹುಟ್ಟಿದ ನೈಟ್ರೇಟ್ ಪಕ್ಕದ ಆಮ್ಲಜನಕವಿಲ್ಲದ ಕೆಸರಿಗೆ ಜಾರಿ ವಿನೈಟ್ರೀಕರಣವಾಗುತ್ತದೆ. ಅಸಿಟಿಲೀನ್ ಅನಿಲ ಬಳಸಿ ವಿನೈಟ್ರೀಕರಣ ಅಳೆಯುವ ಹಳೆಯ ವಿಧಾನ ನೈಟ್ರೀಕರಣವನ್ನೂ ನಿಲ್ಲಿಸುವುದರಿಂದ ಈ ಜೋಡಿ ಕ್ರಿಯೆ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು ಉತ್ತರ: ‘ಗಜನಿ’ಯ ಬಗ್ಗೆ ಮಾತ್ರ. ಮೇಲಿನವರು ಅದನ್ನು ಬಿಟ್ಟಿದ್ದಾರೆ. ಕುಮಟಾ ಕಡೆ ಅಘನಾಶಿನಿ ಅಳಿವೆಯಲ್ಲಿ ಗಜನಿ ಎಂದರೆ ಕಟ್ಟೆ ಹಾಕಿ ಉಪ್ಪು ನೀರು ತಡೆದ ಗದ್ದೆ. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ತೂಬು ತೆರೆದು ಸಿಗಡಿ, ಮೀನು. ಮ್ಯಾಸಚೂಸೆಟ್ಸಿನದು ಉಬ್ಬರ ತಡೆಯಿಲ್ಲದೆ ಏರಿ ಇಳಿಯುವ ಸ್ಪಾರ್ಟಿನಾ ಹುಲ್ಲಿನ ಬಯಲು. ಕಾಂಡ್ಲಾ (ಮ್ಯಾಂಗ್ರೋವ್) ಕಾಡೂ ಅಲ್ಲ. ‘ಉಪ್ಪು ಜೌಗು’ ಎಂದೇ ಇಡಿ. ‘ಚೌಳು’ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ, ಅದು ಉಪ್ಪು, ಕ್ಷಾರ ಏರಿದ ಹೊಲದ ಮಾತು. ಮತ್ತೆ, ಕರಡಿನ ಕೊನೆಯ ಪುಟದಲ್ಲಿ ಮೇಲ್ ಜೌಗು ‘ವಸಂತದ ಉಬ್ಬರದಲ್ಲಿ ಮಾತ್ರ’ ಮುಳುಗುತ್ತದೆ ಎಂದಿದ್ದರೆ ತಿದ್ದಿ. ಸ್ಪ್ರಿಂಗ್ ಟೈಡ್‌ಗೂ ವಸಂತ ಋತುವಿಗೂ ನಂಟಿಲ್ಲ. ಅದು ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಭರತ, ತಿಂಗಳಿಗೆ ಎರಡು ಸಲ ಬರುತ್ತದೆ.